ಬೋರ್ನಿಯೊದಲ್ಲಿ ಪ್ರಾಣಿಗಳು ಅಷ್ಟು ಸುಲಭವಾಗಿ ಯಾಕೆ ಕಾಣ್ತವೆ?

ಇವತ್ತಿನ ಕಂತು ಒಂದು ಟ್ರಿಪ್ ಪ್ಲಾನ್‌ನಿಂದ ಶುರುವಾಗುತ್ತೆ.

ಮಳೆಕಾಡಿನ ಪ್ರಾಣಿಗಳನ್ನ ನೋಡೋಕೆ ಬೋರ್ನಿಯೊ ದ್ವೀಪಕ್ಕೆ ಹೋಗಬೇಕು ಅಂತ ಹುಡುಕಿ ನೋಡಿ, ಹೆಚ್ಚಿನ ಪ್ಯಾಕೇಜ್‌ಗಳು ಒಂದೇ ಥರ ಇರ್ತವೆ. ಮಲೇಷ್ಯಾದ ಸಬಾ ರಾಜ್ಯದ ಸಂಡಕಾನ್‌ಗೆ ವಿಮಾನ. ಪಕ್ಕದ ಸೆಪಿಲೋಕ್‌ನಲ್ಲಿ ಒರಾಂಗುಟಾನ್. ಆಮೇಲೆ ಕಿನಬಟಾಂಗನ್ ನದಿ ದಡದಲ್ಲಿ ಎರಡು ರಾತ್ರಿ, ಬೆಳಗ್ಗೆ ಸಂಜೆ ದೋಣಿ. ದುಡ್ಡು, ರಜೆ ಎರಡೂ ಇದ್ರೆ ಡಾನಮ್ ಕಣಿವೆ. ಈ ಮೂರೇ ಜಾಗ ಯಾಕೆ? ಉತ್ತರ ಇತಿಹಾಸದಲ್ಲಿದೆ. ಅದನ್ನ ಕೇಳಿ ಹೋದ್ರೆ ನೀವು ನೋಡೋ ರೀತಿನೇ ಬದಲಾಗುತ್ತೆ.

ಮೊದಲು 1854ಕ್ಕೆ ಹೋಗೋಣ. ಆ ವರ್ಷ ನವೆಂಬರ್‌ನಲ್ಲಿ 31 ವರ್ಷದ ಆಲ್ಫ್ರೆಡ್ ರಸೆಲ್ ವಾಲೇಸ್ ಬೋರ್ನಿಯೊದ ಸರವಾಕ್‌ಗೆ ಬಂದಿಳಿದ. ಸಿರಿವಂತನಲ್ಲ. ಕೀಟ, ಹಕ್ಕಿ, ಪ್ರಾಣಿಗಳ ಮಾದರಿಗಳನ್ನ ಲಂಡನ್‌ಗೆ ಕಳಿಸಿ, ಮಾರಿ ಬಂದ ಹಣದಲ್ಲೇ ಅವನ ಪ್ರಯಾಣ ನಡೀಬೇಕಿತ್ತು. 1855ರ ಮಾರ್ಚ್‌ನಲ್ಲಿ ಅವನು ಸಿಮುಂಜಾನ್ ನದಿ ಹತ್ತಿರದ ಕಲ್ಲಿದ್ದಲು ಗಣಿಗೆ ಹೋಗಿ ತಿಂಗಳುಗಟ್ಟಲೆ ಉಳಿದ. ಗಣಿಗೋಸ್ಕರ ಮರ ಕಡಿದಿದ್ದ ಜಾಗ ಅದು. ಬಿದ್ದ ಮರಗಳ ತುಂಬ ಜೀರುಂಡೆಗಳು. ಸುತ್ತಲಿನ ಕಾಡಿನಲ್ಲಿ ಒರಾಂಗುಟಾನ್‌ಗಳು.

'ಒರಾಂಗ್ ಹುತಾನ್' ಅಂದ್ರೆ ಮಲಯ ಭಾಷೆಯಲ್ಲಿ ಕಾಡಿನ ಮನುಷ್ಯ. ವಾಲೇಸ್ ಹತ್ತಕ್ಕೂ ಹೆಚ್ಚು ಒರಾಂಗುಟಾನ್‌ಗಳನ್ನ ಗುಂಡಿಟ್ಟು ಕೊಂದ. ಒಮ್ಮೆ ಒಂದು ತಾಯಿಯನ್ನ ಹೊಡೆದಾಗ ಅದರ ಮರಿ ಕೆಳಗಿನ ಕೆಸರಿನಲ್ಲಿ ಸಿಕ್ಕಿತು. ಅದನ್ನ ಎತ್ತಿಕೊಂಡು ಬಂದ. ಹಾಲು ಸಿಗಲಿಲ್ಲ, ಅಕ್ಕಿ ಗಂಜಿಯ ತಿಳಿ ಕುಡಿಸಿದ. ಒಂಟಿಯಾಗಬಾರದು ಅಂತ ಜೊತೆಗೆ ಒಂದು ಕೋತಿಮರಿ ತಂದಿಟ್ಟ. ಸುಮಾರು ಮೂರು ತಿಂಗಳು ಬದುಕಿ ಆ ಮರಿ ಸತ್ತುಹೋಯ್ತು. ಇದನ್ನೆಲ್ಲ ಅವನೇ 1869ರಲ್ಲಿ ಬಂದ ತನ್ನ 'ದಿ ಮಲಯ್ ಆರ್ಕಿಪೆಲಗೊ' ಪುಸ್ತಕದಲ್ಲಿ ಬರೆದಿದ್ದಾನೆ. ಕೊಂದವನೂ ಅವನೇ, ಸಾಕಿದವನೂ ಅವನೇ. ಮುಂದೆ ಡಾರ್ವಿನ್ ಜೊತೆ ವಿಕಾಸವಾದದ ಇತಿಹಾಸದಲ್ಲಿ ಹೆಸರು ಪಡೆದವನೂ ಇವನೇ.

ಈಗ ನೂರು ವರ್ಷ ಮುಂದಕ್ಕೆ ಬನ್ನಿ. 1963ರಲ್ಲಿ ಸಬಾ, ಸರವಾಕ್ ಎರಡೂ ಮಲೇಷ್ಯಾ ಒಕ್ಕೂಟ ಸೇರಿದವು. ಆದ್ರೆ ವಲಸೆ ನಿಯಂತ್ರಣದ ಹಕ್ಕನ್ನ ತಮ್ಮ ಹತ್ತಿರವೇ ಇಟ್ಟುಕೊಂಡವು. ಕೌಲಾಲಂಪುರದಿಂದ ಸಬಾಕ್ಕೆ ಹೋದ್ರೂ ಪಾಸ್‌ಪೋರ್ಟ್ ತೋರಿಸಬೇಕಾಗುತ್ತೆ, ಅದರ ಮೂಲ ಇದು. ಆ ಹೊತ್ತಿಗೆ ಸಂಡಕಾನ್ ದೊಡ್ಡ ಮರದ ಬಂದರು. ಕಾಡು ದಿಮ್ಮಿಗಳಾಗಿ ಹಡಗು ಹತ್ತುತ್ತಿತ್ತು. ಕಾಡು ಕಡಿದಾಗ, ಸಾಕೋಕೆ ಅಂತ ಮರಿ ಹಿಡಿದಾಗ ಅನಾಥ ಒರಾಂಗುಟಾನ್‌ಗಳು ಉಳಿದವು. ಅಂಥವನ್ನ ಕಾಡಿಗೆ ಮರಳಿಸೋಕೆ 1964ರಲ್ಲಿ ಸೆಪಿಲೋಕ್ ಕೇಂದ್ರ ಶುರುವಾಯ್ತು. ವಾಲೇಸ್‌ನ ಆ ಮರಿಗೆ ಸಿಗದೇ ಹೋದ ಆರೈಕೆ ಅಲ್ಲಿ ಸಿಗುತ್ತೆ. ಅಲ್ಲಿನ ಅಟ್ಟಣಿಗೆ ಮೇಲೆ ಹಣ್ಣು ತಿನ್ನೋ ಒರಾಂಗುಟಾನ್ ನೋಡೋದು ಸಫಾರಿ ಅಲ್ಲ. ನೀವು ಹೋಗ್ತಿರೋದು ಒಂಥರಾ ಅನಾಥಾಲಯಕ್ಕೆ.

ಇನ್ನು ಕಿನಬಟಾಂಗನ್. 560 ಕಿಲೋಮೀಟರ್ ಉದ್ದದ ನದಿ. ಆನೆ, ಉದ್ದ ಮೂಗಿನ ಪ್ರೊಬೋಸಿಸ್ ಕೋತಿ, ಎಂಟು ಜಾತಿಯ ಮಂಗಟ್ಟೆ ಹಕ್ಕಿ, ಅದೃಷ್ಟ ಇದ್ರೆ ಕಾಡು ಒರಾಂಗುಟಾನ್, ಎಲ್ಲ ದೋಣಿಯಲ್ಲಿ ಕೂತೇ ಕಾಣಬಹುದು. 'ಅಬ್ಬಾ, ಎಷ್ಟು ಪ್ರಾಣಿ!' ಅನ್ಸುತ್ತೆ. ಪ್ರೊಬೋಸಿಸ್ ಕೋತಿಗಳು ಸಂಜೆ ನದಿ ಪಕ್ಕದ ಮರಕ್ಕೆ ಮಲಗೋಕೆ ಬರೋದು ಅವುಗಳ ಸ್ವಭಾವ, ನಿಜ. ಉಳಿದವು? ಮೊದಲು ಮರ ಹೋಯ್ತು, 1980ರ ದಶಕದಿಂದ ಆ ಜಾಗಕ್ಕೆ ತಾಳೆ ಎಣ್ಣೆಯ ತೋಟ ಬಂತು. ಪ್ರವಾಹ ನುಗ್ಗೋ ತಗ್ಗು ಜಾಗ ತಾಳೆಗೆ ಒಗ್ಗಲ್ಲ. ಹೀಗೆ ಅಂಥ ಕಡೆಗಳಲ್ಲಿ ನದಿಗೆ ಅಂಟಿಕೊಂಡ ಕಾಡು ಉಳೀತು. 2005ರಲ್ಲಿ ವನ್ಯಜೀವಿ ಧಾಮ ಘೋಷಣೆಯಾದಾಗ ಸಿಕ್ಕಿದ್ದು ಸುಮಾರು 26,000 ಹೆಕ್ಟೇರ್, ಅದೂ ತುಂಡು ತುಂಡಾಗಿ. ಪ್ರಾಣಿಗಳಿಗೆ ಹೋಗೋಕೆ ಬೇರೆ ಜಾಗ ಇಲ್ಲ, ಅದಕ್ಕೇ ನಮಗೆ ಕಾಣ್ತವೆ. ಉಪನದಿಗಳ ಮೇಲೆ ಒರಾಂಗುಟಾನ್ ದಾಟೋಕೆ ಅಂತ ಹಗ್ಗದ ಸೇತುವೆ ಕಟ್ಟಿದ್ದಾರೆ.

ಡಾನಮ್ ಕಣಿವೆಯಲ್ಲಿ ಇದರ ಉಲ್ಟಾ. 438 ಚದರ ಕಿಲೋಮೀಟರ್ ಕಾಡು, ಒಳಗೆ ಒಂದು ಊರೂ ಇಲ್ಲ. ಅಲ್ಲಿ ಗಂಟೆಗಟ್ಟಲೆ ನಡೆದ್ರೂ ಕೆಲವೊಮ್ಮೆ ಏನೂ ಕಾಣಲ್ಲ. ಯಾಕಂದ್ರೆ ಪ್ರಾಣಿಗಳಿಗೆ ಮರೆಯಾಗೋಕೆ ಜಾಗ ಇದೆ. ಒಳ್ಳೇ ಕಾಡಿನಲ್ಲಿ ಕಮ್ಮಿ ಕಾಣೋದು, ಕುಗ್ಗಿದ ಕಾಡಿನಲ್ಲಿ ಜಾಸ್ತಿ ಕಾಣೋದು. ಇದನ್ನ ಯಾವ ಪ್ಯಾಕೇಜೂ ಹೇಳಲ್ಲ.

ನೋಡೋಕೆ ತಡವಾದವೂ ಇವೆ. ಮಲೇಷ್ಯಾದ ಕೊನೆಯ ಎರಡು ಸುಮಾತ್ರ ಘೇಂಡಾಮೃಗಗಳು, ಟಾಮ್ ಮತ್ತು ಇಮಾನ್, 2019ರಲ್ಲಿ ಸಬಾದಲ್ಲೇ ಸತ್ತವು. ಬೋರ್ನಿಯೊದ ಒರಾಂಗುಟಾನ್ 2016ರಿಂದ ತೀವ್ರ ಅಪಾಯದ ಪಟ್ಟಿಯಲ್ಲಿದೆ. ತಾಯಿ ಒಂದು ಮರಿ ಹಾಕಿದ ಮೇಲೆ ಇನ್ನೊಂದಕ್ಕೆ ಏಳೆಂಟು ವರ್ಷ ಬೇಕು. ಕಳ್ಕೊಂಡಿದ್ದು ಬೇಗ ತುಂಬಲ್ಲ.

ನಮಗೂ ಇದಕ್ಕೂ ಏನು ಸಂಬಂಧ? ಜಗತ್ತಿನಲ್ಲಿ ಅತಿ ಹೆಚ್ಚು ತಾಳೆ ಎಣ್ಣೆ ಆಮದು ಮಾಡೋ ದೇಶ ಭಾರತ. ಅದರಲ್ಲಿ ಬಹುಪಾಲು ಬರೋದು ಇಂಡೋನೇಷ್ಯಾ, ಮಲೇಷ್ಯಾಗಳಿಂದ. ಟೀ ಜೊತೆ ತಿನ್ನೋ ಬಿಸ್ಕತ್ ಪ್ಯಾಕೆಟ್ ತಿರುಗಿಸಿ ನೋಡಿ.

ಹಾಗಂತ ಹೋಗಲೇಬೇಡಿ ಅಂತ ನಾನು ಹೇಳ್ತಿಲ್ಲ. ಕಾಡು ನಿಂತಿರೋದರಿಂದ ಸ್ಥಳೀಯರಿಗೆ ಆದಾಯ ಬಂದ್ರೆ ಅದನ್ನ ಉಳಿಸೋಕೆ ಒಂದು ಕಾರಣ ಸಿಗುತ್ತೆ. ಮಳೆ ಕಮ್ಮಿ ಇರೋ ಮಾರ್ಚ್‌ನಿಂದ ಅಕ್ಟೋಬರ್ ಒಳಗೆ ಹೋಗಿ. ಕಿನಬಟಾಂಗನ್ ದಡದ ಬಾಟು ಪುತೆಯಲ್ಲಿ ಹಳ್ಳಿಯವರೇ ಸಹಕಾರ ಸಂಘ ಮಾಡಿಕೊಂಡು ಹೋಮ್‌ಸ್ಟೇ ನಡೆಸ್ತಾರೆ, ಕಡಿದ ಕಾಡಿಗೆ ಮರ ನೆಡ್ತಾರೆ. ಅಂಥ ಕಡೆ ಉಳ್ಕೊಳ್ಳಿ. ದೋಣಿಯವರಿಗೆ 'ಇನ್ನೂ ಹತ್ರ ಹೋಗಿ' ಅನ್ನಬೇಡಿ. ಡಾನಮ್‌ಗೆ ಹೋದ್ರೆ ಉಂಬಳಕ್ಕೆ ಕಾಲುಚೀಲ ಇರಲಿ, ಮಲೆನಾಡಿನವರಿಗೆ ಇದು ಹೊಸದೇನಲ್ಲ.

ಅಲ್ಲಿ ಇಡೀ ದಿನ ಏನೂ ಕಾಣದಿದ್ರೆ ದುಡ್ಡು ದಂಡ ಅಂದ್ಕೋಬೇಡಿ. ಅಡಗೋಕೆ ಅವಕ್ಕೆ ಇನ್ನೂ ಕಾಡಿದೆ ಅಂತ ಅರ್ಥ. ಮುಂದಿನ ಕಂತಿನಲ್ಲಿ ಸಿಗೋಣ.