ವಿದ್ಯುತ್ ಕಂಪನ ಚಿಕಿತ್ಸೆ: ಖಿನ್ನತೆ, ನಿದ್ರೆ ಮತ್ತು ಮಿದುಳಿನ ಜಾಲಗಳು

ತೀವ್ರ ಖಿನ್ನತೆಗೆ ಔಷಧಗಳು ಫಲ ನೀಡದಿದ್ದಾಗ, ರೋಗಿಯು ಅನ್ನ-ನೀರು ತ್ಯಜಿಸಿದಾಗ ಅಥವಾ ಆತ್ಮಹತ್ಯೆಯ ಅಪಾಯವಿದ್ದಾಗ ಮನೋವೈದ್ಯರು ಸೂಚಿಸುವ ಪ್ರಮುಖ ಚಿಕಿತ್ಸೆಯೇ ವಿದ್ಯುತ್ ಕಂಪನ ಚಿಕಿತ್ಸೆ (ಇ.ಸಿ.ಟಿ.). 'ಶಾಕ್ ಟ್ರೀಟ್‌ಮೆಂಟ್' ಎಂಬ ಹೆಸರೂ ಚಲನಚಿತ್ರಗಳ ಭೀಕರ ದೃಶ್ಯಗಳೂ ಹುಟ್ಟಿಸಿದ ಭಯದಿಂದ ಅನೇಕ ಕುಟುಂಬಗಳು ಇದನ್ನು ನಿರಾಕರಿಸುತ್ತವೆ.

ಹಿನ್ನೆಲೆ

1938ರಲ್ಲಿ ರೋಮ್ ನಗರದಲ್ಲಿ ಉಗೊ ಚೆರ್ಲೆಟ್ಟಿ ಮತ್ತು ಲುಚಿಯೊ ಬಿನಿ ಇದನ್ನು ಮೊದಲು ಪ್ರಯೋಗಿಸಿದರು. ಆಗ ಅರಿವಳಿಕೆ ನೀಡುತ್ತಿರಲಿಲ್ಲ. ಇಂದು ಅರಿವಳಿಕೆ ಹಾಗೂ ಸ್ನಾಯು ಸಡಿಲಿಸುವ ಔಷಧ ನೀಡಿದ ನಂತರವೇ ತಲೆಗೆ ಅಲ್ಪ ಕಾಲ ವಿದ್ಯುತ್ ಹಾಯಿಸಿ ನಿಯಂತ್ರಿತ ಸೆಳವು ಉಂಟುಮಾಡಲಾಗುತ್ತದೆ. ಸೆಳವು ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಗಿಯುತ್ತದೆ. ವಾರಕ್ಕೆ ಎರಡು-ಮೂರು ಬಾರಿಯಂತೆ ಒಟ್ಟು 6ರಿಂದ 12 ಬಾರಿ ನೀಡುವುದು ವಾಡಿಕೆ. ಅರಿವಳಿಕೆಯಿಲ್ಲದೆ ಈ ಚಿಕಿತ್ಸೆ ನೀಡುವುದನ್ನು ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ನಿಷೇಧಿಸಿದೆ.

ನಿದ್ರೆಯ ಮೇಲೆ ಪರಿಣಾಮ

ಆರೋಗ್ಯವಂತರಲ್ಲಿ ನಿದ್ರೆ ಹತ್ತಿದ ಸುಮಾರು 90 ನಿಮಿಷಗಳ ಬಳಿಕ ಕನಸಿನ ನಿದ್ರೆ ಆರಂಭವಾಗುತ್ತದೆ. ಖಿನ್ನರಲ್ಲಿ ಅದು ಬೇಗನೆ ಬರುತ್ತದೆ; ಗಾಢ ನಿದ್ರೆ ಕಡಿಮೆಯಾಗಿ, ನಸುಕಿನಲ್ಲೇ ಎಚ್ಚರವಾಗುತ್ತದೆ. ಚಿಕಿತ್ಸೆ ಮುಂದುವರಿದಂತೆ ಅನೇಕರಲ್ಲಿ ನಿದ್ರಾಹೀನತೆ ತಗ್ಗುತ್ತದೆ. ಆದರೆ ಇದು ಅರಿವಳಿಕೆಯ ಮಂಪರಲ್ಲ, ಖಿನ್ನತೆ ಇಳಿಯುತ್ತಿರುವುದರ ಲಕ್ಷಣ. ಚಿಕಿತ್ಸೆಯ ನಂತರವೂ ಕನಸಿನ ನಿದ್ರೆ ತೀರಾ ಬೇಗ ಆರಂಭವಾಗುವವರಲ್ಲಿ ರೋಗ ಮರುಕಳಿಸುವ ಸಂಭವ ಹೆಚ್ಚೆಂದು ಕೆಲವು ಅಧ್ಯಯನಗಳು ಸೂಚಿಸಿವೆ.

ಮಿದುಳಿನ ಜಾಲಗಳು

ಮಿದುಳಿನ ವಿವಿಧ ಭಾಗಗಳು ಪರಸ್ಪರ ಸಂಪರ್ಕ ಹೊಂದಿದ ಜಾಲಗಳಾಗಿ ಕೆಲಸ ಮಾಡುತ್ತವೆ. ಖಿನ್ನತೆಯಲ್ಲಿ ಕೆಲವು ಜಾಲಗಳ ಸಂಪರ್ಕ ಅತಿಯಾಗಿ, ಮನಸ್ಸು ಒಂದೇ ನೋವಿನ ಸುತ್ತ ಸುಳಿಯುತ್ತದೆಂಬುದು ಒಂದು ವಿವರಣೆ. ಸ್ಕಾಟ್ಲೆಂಡಿನ ಅಬರ್ಡೀನ್ ಸಂಶೋಧಕರು 2012ರಲ್ಲಿ 9 ರೋಗಿಗಳನ್ನು ಚಿಕಿತ್ಸೆಯ ಮುಂಚೆ ಮತ್ತು ನಂತರ ಸ್ಕ್ಯಾನ್ ಮಾಡಿದಾಗ, ಮಿದುಳಿನ ಎಡ ಮುಂಭಾಗದ ಒಂದು ಪ್ರದೇಶದಲ್ಲಿ ಇಂಥ ಸಂಪರ್ಕ ತಗ್ಗಿದ್ದು ಕಂಡುಬಂತು. ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಭಾಗದ ಗಾತ್ರ ಹೆಚ್ಚುವುದನ್ನೂ ಹಲವು ಅಧ್ಯಯನಗಳು ದಾಖಲಿಸಿವೆ; ಆದರೆ ಆ ಹೆಚ್ಚಳವೇ ಗುಣಮುಖತೆಗೆ ಕಾರಣವೆಂದು ಸಾಬೀತಾಗಿಲ್ಲ.

ಮಿತಿಗಳು

ಚಿಕಿತ್ಸೆಯ ನಂತರ ತಲೆನೋವು, ಸ್ವಲ್ಪ ಹೊತ್ತಿನ ಗೊಂದಲ ಸಾಮಾನ್ಯ. ಚಿಕಿತ್ಸೆಯ ಆಸುಪಾಸಿನ ದಿನಗಳ ನೆನಪುಗಳು ಮಾಸುವುದುಂಟು. ಕೆಲವರಲ್ಲಿ ಅವು ಮರಳುವುದಿಲ್ಲ. ಆದ್ದರಿಂದ ಸಮ್ಮತಿ ನೀಡುವ ಮುನ್ನ ರೋಗಿಗೂ ಮನೆಯವರಿಗೂ ಇದರ ಪೂರ್ಣ ತಿಳಿವಳಿಕೆ ಅಗತ್ಯ.

ಪರಿಣಾಮ ಶಾಶ್ವತವೂ ಅಲ್ಲ. ಅಮೆರಿಕದಲ್ಲಿ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗುಣಮುಖರಾದ ಮೇಲೆ ಬರೀ ಹುಸಿಮಾತ್ರೆ ಪಡೆದವರಲ್ಲಿ ಶೇ. 84ರಷ್ಟು ಮಂದಿಗೆ 6 ತಿಂಗಳಲ್ಲಿ ರೋಗ ಮರುಕಳಿಸಿತು. ನಾರ್ಟ್ರಿಪ್ಟಿಲಿನ್ ಮತ್ತು ಲಿಥಿಯಂ ಔಷಧಗಳೆರಡನ್ನೂ ಪಡೆದವರಲ್ಲಿ ಈ ಪ್ರಮಾಣ ಶೇ. 39ಕ್ಕೆ ಇಳಿಯಿತು. ನಿದ್ರೆ ಮರಳಿತೆಂದು ಔಷಧ ನಿಲ್ಲಿಸುವುದು ಅಪಾಯಕಾರಿ ಎಂಬುದಕ್ಕೆ ಈ ಅಂಕಿಗಳೇ ಸಾಕ್ಷಿ.