ಸಾರಾ ನ್ಯೂಬರಿಯ ಮೂಳೆಗಳು

ಅಗ್ಗಿಷ್ಟಿಕೆಯ ಪಕ್ಕ ಕುಳಿತಿದ್ದ ಹೆಂಡತಿಯನ್ನು ಗಂಡ ಎತ್ತಿಕೊಂಡು ಹಾಸಿಗೆಗೆ ಒಯ್ದ. ಅಷ್ಟಕ್ಕೇ ಅವಳ ತೊಡೆಮೂಳೆ ಮುರಿಯಿತು.

ಆಕೆ ಸಾರಾ ನ್ಯೂಬರಿ, ವಯಸ್ಸು 39. ಸುಸ್ತು, ಮೂಳೆನೋವು ಶುರುವಾಗಿ ನಾಲ್ಕು ವರ್ಷವಾಗಿತ್ತು. 1844ರ ಏಪ್ರಿಲ್ 15ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಗೆ ಸೇರಿಸಿದರು. ಕಿತ್ತಳೆ ಸಿಪ್ಪೆಯ ಕಷಾಯ, ರೂಬಾರ್ಬ್ ಗುಳಿಗೆ, ನೋವಿಗೆ ಅಫೀಮು ಕೊಟ್ಟರು. ಐದೇ ದಿನಕ್ಕೆ ತೀರಿಕೊಂಡಳು. ಶವಪರೀಕ್ಷೆಯಲ್ಲಿ ಮಜ್ಜೆಯ ಜಾಗದಲ್ಲೆಲ್ಲ ಕೆಂಪು ಪದಾರ್ಥ ತುಂಬಿತ್ತು. ಸರ್ಜನ್ ಸ್ಯಾಮ್ಯುಯಲ್ ಸಾಲಿ ಇದನ್ನು ಮೂಳೆ ಮೆತ್ತಗಾಗುವ ರೋಗವೆಂದು ವರದಿ ಮಾಡಿದ. ಕಾರಣ ರಕ್ತನಾಳಗಳ ಉರಿಯೂತವೆಂದು ಅವನ ಊಹೆ.

ಇಂದು ಇದನ್ನು ಮಲ್ಟಿಪಲ್ ಮೈಲೋಮಾ ಎನ್ನುತ್ತೇವೆ. ನಮ್ಮ ಮೂಳೆ ಕಲ್ಲಲ್ಲ. ಕೆಲವು ಕೋಶಗಳು ಅದನ್ನು ಸದಾ ಕರಗಿಸುತ್ತಿರುತ್ತವೆ, ಕೆಲವು ಮತ್ತೆ ಕಟ್ಟುತ್ತವೆ. ಮಜ್ಜೆಯಲ್ಲಿ ಅಂಕೆ ಮೀರಿ ಬೆಳೆದ ಪ್ಲಾಸ್ಮಾ ಕೋಶಗಳು ಕರಗಿಸುವವರನ್ನು ಕೆರಳಿಸುತ್ತವೆ, ಕಟ್ಟುವವರನ್ನು ಸುಮ್ಮನಾಗಿಸುತ್ತವೆ. ಬೆನ್ನೆಲುಬು ಕುಸಿಯುತ್ತದೆ, ಪಕ್ಕೆಲುಬು ಬಿರಿಯುತ್ತದೆ. ಕೆಲವರಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಕೀಲುಗಳಲ್ಲಿ ಸೇರಿಕೊಂಡು ಭುಜ ಊದುವುದೂ ಉಂಟು.

ಆದರೆ ವೈದ್ಯಕೀಯ ಚರಿತ್ರೆ ಈ ರೋಗದ ಕಥೆಯನ್ನು ಬಹುಕಾಲ ಹೇಳಿಕೊಂಡು ಬಂದದ್ದು ಇನ್ನೊಬ್ಬ ರೋಗಿಯಿಂದ. 45ರ ವ್ಯಾಪಾರಿ ಥಾಮಸ್ ಮೆಕ್‌ಬೀನ್ 1844ರ ಸೆಪ್ಟೆಂಬರಿನಲ್ಲಿ ಪ್ರವಾಸ ಹೋದಾಗ ಗುಹೆಯೊಂದರಿಂದ ಮೇಲೆ ಜಿಗಿದ. ಎದೆಯೊಳಗೆ ಏನೋ ಚಟ್ಟನೆ ಮುರಿದಂತಾಯಿತು. ಮುಂದಿನ ವರ್ಷ ವೈದ್ಯ ವಿಲಿಯಂ ಮ್ಯಾಕಿಂಟೈರ್ ಅವನ ಮೂತ್ರ ಕಾಯಿಸಿ ನೋಡಿದ. ಅದರಲ್ಲಿ ವಿಚಿತ್ರ ಪ್ರೋಟೀನಿತ್ತು. ಆಮ್ಲ ಹಾಕಿದಾಗ ಹೆಪ್ಪುಗಟ್ಟುತ್ತಿತ್ತು, ಕಾಯಿಸಿದರೆ ಕರಗುತ್ತಿತ್ತು, ಆರಿದರೆ ಮತ್ತೆ ಗಟ್ಟಿ. ಮಾದರಿ 31ರ ಹೆನ್ರಿ ಬೆನ್ಸ್ ಜೋನ್ಸ್‌ನ ಕೈ ಸೇರಿತು. 1846ರ ಹೊಸವರ್ಷದ ದಿನ ರೋಗಿ ಸತ್ತ. ಪಕ್ಕೆಲುಬುಗಳನ್ನು ಚಾಕುವಿನಿಂದ ಸಲೀಸಾಗಿ ಕೊಯ್ಯಬಹುದಿತ್ತು. ಪ್ರೋಟೀನಿಗೆ ಬೆನ್ಸ್ ಜೋನ್ಸ್‌ನ ಹೆಸರು ನಿಂತಿತು. ಮೊದಲು ಕಾಯಿಸಿದ ಮ್ಯಾಕಿಂಟೈರ್‌ನದಲ್ಲ.

ಬೆನ್ಸ್ ಜೋನ್ಸ್‌ನ ಕೆಲಸ ದೊಡ್ಡದೇ. ಆ ಪ್ರೋಟೀನು ಪ್ರತಿಕಾಯದ ಒಂದು ತುಂಡು ಎಂದು ಗೊತ್ತಾಗಲು 1962 ಬರಬೇಕಾಯಿತು. ಆದರೂ ಮೂತ್ರ ಪರೀಕ್ಷೆಯಿಂದ ಕಥೆ ತೊಡಗಿದರೆ, ನಾಲ್ಕು ವರ್ಷ ಮನೆಯೊಳಗೇ ನಡೆದದ್ದು ಬಿಟ್ಟುಹೋಗುತ್ತದೆ ಎಂದು ನನಗನಿಸುತ್ತದೆ. ಸಾಲಿಯ ವರದಿ ಓದುವಾಗಲೆಲ್ಲ ನನ್ನ ಮನಸ್ಸು ನಿಲ್ಲುವುದು ಆ ಗಂಡನ ಬಳಿ. ಮುರಿದದ್ದು ಅವನು ಎತ್ತಿದ ರೀತಿಯಿಂದಲ್ಲ ಎಂದು ಅವನಿಗೆ ಬಿಡಿಸಿ ಹೇಳಬಲ್ಲವರು ಆಗ ಒಬ್ಬರೂ ಇರಲಿಲ್ಲ.