ಹಾಲಿ ರೂಪಾಯಿ, ಕಲ್ದಾರ್ ರೂಪಾಯಿ

ಕಲಬುರಗಿಯಿಂದ ಪ್ರವಾಸ ಹೊರಟ ಕಾಲೇಜು ಬಸ್ಸು ಕಮಲಾಪುರ ದಾಟಿ, ಹುಮನಾಬಾದಿನಲ್ಲಿ ಹೆದ್ದಾರಿ ಸೇರಿ ಹೈದರಾಬಾದಿನ ದಾರಿ ಹಿಡಿಯುತ್ತದೆ. ನಿಮ್ಮಲ್ಲಿ ಅನೇಕರು ಹೋಗಿ ಬಂದಿರುತ್ತೀರಿ. ಚಾರ್ಮಿನಾರ್, ಗೋಲ್ಕೊಂಡ, ಸಾಲಾರ್ ಜಂಗ್ ವಸ್ತುಸಂಗ್ರಹಾಲಯ, ಸಂಜೆಗೆ ಹುಸೇನ್ ಸಾಗರದ ದಂಡೆ. ಅಲ್ಲಿಗೆ ಪಟ್ಟಿ ಮುಗಿಯಿತು. ಮುಂದಿನ ಸಲ ಹೋದಾಗ ಮೂಸಿ ನದಿಯ ಈಚೆ ದಡದಲ್ಲಿರುವ ಕೋಠಿಯ ರೆಸಿಡೆನ್ಸಿಯನ್ನೂ ಆ ಪಟ್ಟಿಗೆ ಸೇರಿಸಿಕೊಳ್ಳಿ.

ಏಕೆಂದು ಕೇಳುತ್ತೀರಾ? "ನಮ್ಮ ಭಾಗದಲ್ಲಿ ಬ್ರಿಟಿಷರ ಆಳ್ವಿಕೆ ಇರಲಿಲ್ಲ, ನಿಜಾಮರ ಆಳ್ವಿಕೆ ಇತ್ತು" ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರು ನೀವು. ನಾನೂ ಹಾಗೆಯೇ ಪಡೆದವನು. ಉತ್ತರ ಪತ್ರಿಕೆಯ ಮಟ್ಟಿಗೆ ಅದು ಸರಿ. ಆದರೆ ಕೋಠಿಯ ಆ ಕಟ್ಟಡದ ಮೆಟ್ಟಿಲುಗಳ ಮುಂದೆ ನಿಂತಾಗ ಉತ್ತರ ಅಷ್ಟು ಸುಲಭವಲ್ಲ ಎನ್ನಿಸುತ್ತದೆ. ಎತ್ತರದ ಕಂಬಸಾಲು, ಮೆಟ್ಟಿಲ ಇಕ್ಕೆಲದಲ್ಲಿ ಕಲ್ಲಿನ ಸಿಂಹಗಳು. 1798ರಿಂದ 1805ರವರೆಗೆ ಇಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟನಾಗಿದ್ದ ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್ ಇದನ್ನು ಕಟ್ಟಿಸಿದ. ಹಣ ಕೊಟ್ಟದ್ದು ಕಂಪನಿಯಲ್ಲ, ನಿಜಾಮನ ಬೊಕ್ಕಸ!

ಹಣದ ಈ ಎಳೆಯನ್ನು ಹಿಡಿದು ಸ್ವಲ್ಪ ಹಿಂದೆ ಹೋಗೋಣ. 1798ರಲ್ಲಿ ನಿಜಾಮ್ ಅಲಿ ಖಾನ್ ಕಂಪನಿಯೊಡನೆ ಸಹಾಯಕ ಸೈನ್ಯದ ಒಪ್ಪಂದ ಮಾಡಿಕೊಂಡ. ಸೈನ್ಯ ಕಂಪನಿಯದು, ಖರ್ಚು ನಿಜಾಮನದು. 1800ರಲ್ಲಿ ಆ ಖರ್ಚಿಗೆಂದು ಬಳ್ಳಾರಿ, ಅನಂತಪುರ, ಕಡಪ ಪ್ರದೇಶಗಳನ್ನೇ ಬರೆದುಕೊಟ್ಟ. ಬಳ್ಳಾರಿಯ ಕನ್ನಡಿಗರು ಮದ್ರಾಸಿನ ಕಡೆಗೂ ಕಲಬುರಗಿಯ ಕನ್ನಡಿಗರು ಹೈದರಾಬಾದಿನ ಕಡೆಗೂ ಮುಖ ಮಾಡಿ ಒಂದೂವರೆ ಶತಮಾನ ಬದುಕಿದ್ದರ ಮೂಲ ಈ ಸೈನ್ಯದ ಸಂಬಳದಲ್ಲಿದೆ. 1853ರಲ್ಲಿ ಮತ್ತೆ ಬಾಕಿಯ ನೆಪ. ಬೇರಾರ್, ನಳದುರ್ಗ, ರಾಯಚೂರು ದೋಆಬ್ ಕಂಪನಿಯ ಕೈಗೆ ಹೋದವು. ರಾಯಚೂರು, ನಳದುರ್ಗಗಳು 1860ರಲ್ಲಿ ಮರಳಿ ಬಂದವು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕನ ಸುರಪುರವೂ ಆಗಲೇ ನಿಜಾಮನಿಗೆ ಸಿಕ್ಕಿತು. ದಂಗೆಯ ಕಾಲದಲ್ಲಿ ನಿಷ್ಠನಾಗಿದ್ದುದಕ್ಕೆ ಬಹುಮಾನ. ಹೀಗೆ ನಮ್ಮ ನೆಲ ಕೈಯಿಂದ ಕೈಗೆ ದಾಟುತ್ತಿದ್ದಾಗ ಇಲ್ಲಿಯ ರೈತನನ್ನು ಇಬ್ಬರಲ್ಲಿ ಯಾರೂ ಕೇಳಲಿಲ್ಲ. ತಪ್ಪನ್ನೆಲ್ಲ ಬ್ರಿಟಿಷರ ತಲೆಗೆ ಕಟ್ಟುವುದೂ ನ್ಯಾಯವಲ್ಲ.

ರೆಸಿಡೆನ್ಸಿಯನ್ನು ಎಲ್ಲರೂ ಸುಮ್ಮನೆ ಒಪ್ಪಿಕೊಂಡಿರಲಿಲ್ಲ. 1857ರ ಜುಲೈ 17ರಂದು ತುರೇಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನ್ ಮುಂದಾಳುತನದಲ್ಲಿ ಜನ ಅದರ ಮೇಲೆ ನುಗ್ಗಿದರು. ದಾಳಿ ವಿಫಲವಾಯಿತು. ಮೌಲ್ವಿ ಅಂಡಮಾನಿಗೆ ಹೋದವರು ಮರಳಲಿಲ್ಲ.

ಇನ್ನು ರೈಲು. ಮುಂಬಯಿಯಿಂದ ಬಂದ ಜಿ.ಐ.ಪಿ. ರೈಲುಮಾರ್ಗ ಕಲಬುರಗಿಯನ್ನು ಹಾದು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಮಾರ್ಗವನ್ನು ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ಹಳಿ ಹಾಸಿದ ನೆಲದ ಮೇಲಿನ ನ್ಯಾಯಾಧಿಕಾರವನ್ನು ಬ್ರಿಟಿಷರು ಪಡೆದುಕೊಂಡಿದ್ದರು. ಅದರ ಬಲದಿಂದ ನಿಜಾಮರ ಒಬ್ಬ ಪ್ರಜೆಯನ್ನು ಸಿಮ್ಲಾದ ವಾರೆಂಟಿನ ಮೇಲೆ ರೈಲ್ವೆ ನೆಲದಲ್ಲೇ ಬಂಧಿಸಿದರು. ಆರೋಪಕ್ಕೂ ರೈಲಿಗೂ ಸಂಬಂಧವೇ ಇರಲಿಲ್ಲ. ಮೊಕದ್ದಮೆ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. 1897ರಲ್ಲಿ ಬಂಧನ ಅಕ್ರಮವೆಂದು ತೀರ್ಪಾಯಿತು.

ಈ ವಿಷಯ ನನಗೆ ಚೆನ್ನಾಗಿ ತಿಳಿದದ್ದು ಪುಸ್ತಕದಿಂದಲ್ಲ, ಕಮಲಾಪುರದಲ್ಲಿ. ಅಲ್ಲಿಯ ಕೆಂಪು ಬಾಳೆಯ ತೋಟಗಳ ಚಿತ್ರೀಕರಣಕ್ಕೆ ಹೋಗಿದ್ದೆವು. ಮೋಡ ಕವಿದು ಕ್ಯಾಮೆರಾ ಸುಮ್ಮನೆ ಕುಳಿತಿತ್ತು. ತೋಟದ ಮುತ್ಯಾ ಒಳಗೆ ಹೋಗಿ ಒಂದು ಬಟ್ಟೆಗಂಟು ತಂದರು. ಅದರಲ್ಲಿ ಎರಡು ಬೆಳ್ಳಿ ರೂಪಾಯಿ. ಒಂದರ ಮೇಲೆ ಚಾರ್ಮಿನಾರ್, ಇನ್ನೊಂದರ ಮೇಲೆ ಇಂಗ್ಲೆಂಡಿನ ದೊರೆಯ ಮುಖ.

"ಇದು ಹಾಲಿ ರೀ, ಇದು ಕಲ್ದಾರ್. ನಮ್ಮಪ್ಪ ಸೊಲ್ಲಾಪುರಕ್ಕ ಹೋದ್ರ ಹಾಲಿ ಕೊಟ್ಟು ಕಲ್ದಾರ್ ತಗೋಬೇಕಿತ್ತು. ಏಳು ಕೊಟ್ರ ಆರು ಬರ್ತಿದ್ದವು," ಎಂದರು.

ವಿಜ್ಞಾನ ಓದಿದ ನನಗೆ ಲೆಕ್ಕ ಹಾಕದೆ ನಿದ್ದೆ ಬರಲಿಲ್ಲ. ನೀವೂ ಹಾಕಿ ನೋಡಿ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಕಾಲದ ಹಾಲಿ ಸಿಕ್ಕಾ ರೂಪಾಯಿಯ ತೂಕ ಸುಮಾರು 11.18 ಗ್ರಾಂ, ಅದರಲ್ಲಿ ಬೆಳ್ಳಿ ಶೇಕಡಾ 81.8. ಬ್ರಿಟಿಷ್ ರೂಪಾಯಿಯ ತೂಕ 11.66 ಗ್ರಾಂ, ಬೆಳ್ಳಿ ಶೇಕಡಾ 91.7. ಒಂದರಲ್ಲಿ 9.14 ಗ್ರಾಂ ಬೆಳ್ಳಿ, ಇನ್ನೊಂದರಲ್ಲಿ 10.69. ಭಾಗಿಸಿದರೆ 1.17. ಏಳನ್ನು ಆರರಿಂದ ಭಾಗಿಸಿದರೂ ಅಷ್ಟೇ! ಮುತ್ಯಾನ ಅಪ್ಪನಿಗೆ ಆದದ್ದು ಮೋಸವಲ್ಲ, ವಿನಿಮಯ ಬೆಳ್ಳಿಯ ಲೆಕ್ಕಕ್ಕೆ ಸರಿಯಾಗಿತ್ತು. ಆದರೂ ಸೊಲ್ಲಾಪುರದ ಪೇಟೆಗೆ ಹೋಗುವ ರೈತ ತನ್ನ ರಾಜನ ನಾಣ್ಯವನ್ನು ಬದಲಿಸಿಕೊಳ್ಳಲೇಬೇಕಾಗಿತ್ತು ಎಂಬುದನ್ನು ಮರೆಯಬೇಡಿ. ಕಲ್ ಎಂದರೆ ಯಂತ್ರ. ಯಂತ್ರದಲ್ಲಿ ಅಚ್ಚಾದದ್ದು ಕಲ್ದಾರ್. ಜನ ಬ್ರಿಟಿಷರನ್ನು ಗುರುತಿಸಿದ್ದು ಅವರ ಯಂತ್ರದಿಂದ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದೊಳಗೆ ಸೇರಿದ ಮೇಲೂ ಹಾಲಿ ನಾಣ್ಯ ತಟ್ಟನೆ ಮಾಯವಾಗಲಿಲ್ಲ. 1956ರಲ್ಲಿ ಕಲಬುರಗಿ ಕನ್ನಡ ರಾಜ್ಯಕ್ಕೆ ಬಂತು. ಹಾಲಿಯ ಚಲಾವಣೆ ಪೂರ್ತಿ ನಿಂತದ್ದು 1959ರಲ್ಲಿ.

ಕೋಠಿಯ ಕಟ್ಟಡಕ್ಕೆ 1949ರಲ್ಲಿ ಮಹಿಳಾ ಕಾಲೇಜು ಬಂತು. ಅದೀಗ ವಿಶ್ವವಿದ್ಯಾಲಯವಾಗಿದೆ. ಹೆಣ್ಣುಮಕ್ಕಳು ಓದುವ ಆವರಣ ಅದು. ಹೋಗುವ ಮೊದಲು ನಿಮ್ಮ ಪ್ರಾಂಶುಪಾಲರಿಂದ ಪತ್ರ ಬರೆಸಿ ಅನುಮತಿ ಕೇಳಿ. ಮರಳುವಾಗ ಕಮಲಾಪುರದಲ್ಲಿ ಬಸ್ಸು ನಿಲ್ಲಿಸಿ ಕೆಂಪು ಬಾಳೆಹಣ್ಣು ಕೊಳ್ಳಿ. ಎಂಬತ್ತು ದಾಟಿದ ಯಾರಾದರೂ ಸಿಕ್ಕರೆ ಹಾಲಿ, ಕಲ್ದಾರ್ ಎರಡರ ಹೆಸರನ್ನೂ ಎತ್ತಿ ನೋಡಿ.